‘ನಾಳೆ ಬಾ’ ಬಾಗಿಲು: ಒಂದು ಕಿರುಚಿತ್ರದ ಸೆಟ್ ಕೆಲಸದ ಟಿಪ್ಪಣಿ

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಹಬ್ಬಿದ ಗುಲ್ಲು ಎಲ್ಲರಿಗೂ ಗೊತ್ತಿರುವುದೇ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಕದ ತೆಗೆದವರ ಕಥೆ ಅಲ್ಲಿಗೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದೆ. ಮರುದಿನ ಬಂದರೂ ಅದೇ ಬರಹ. ಈ ಕಿರುಚಿತ್ರ ಅಂಥದೊಂದು ಬರಹ ಮಳೆಯಲ್ಲಿ ಕಾಣದಾಗುವ ರಾತ್ರಿಯದು. ದೆವ್ವ ಒಂದು ಫ್ರೇಮಿನಲ್ಲೂ ಇಲ್ಲ. ಆದ್ದರಿಂದ ನಟನೆಯ ಭಾರವೆಲ್ಲ ಬಾಗಿಲಿನದು. ಬಡಿದಾಗ ಅದುರಬೇಕು, ಚಿಲಕ ತಾನಾಗಿ ಸರಿಯಬೇಕು, ಅಕ್ಷರ ಮಾಯವಾಗಿ ಬೆಳಗ್ಗೆ ಮತ್ತೆ ಮೂಡಬೇಕು, ಹೊಸ್ತಿಲ ಅರಿಶಿನದಲ್ಲಿ ಕೆಂಪು ಹೆಜ್ಜೆ ಕಾಣಬೇಕು. ಇಷ್ಟನ್ನೂ ಕಂಪ್ಯೂಟರಿಲ್ಲದೆ ಕ್ಯಾಮೆರಾ ಎದುರೇ ಮಾಡುವುದೆಂದು ಮೊದಲೇ ತೀರ್ಮಾನ. ಕತ್ತಲ ಶಾಟಿನ ನಾಯ್ಸ್ (ಚಿತ್ರದಲ್ಲಿ ಅಲುಗುವ ಕಾಳು ಚುಕ್ಕೆ) ಮೇಲೆ ಅಕ್ಷರ ಅಂಟಿಸಿದರೆ ಅದು ಅಂಟಿಸಿದಂತೆಯೇ ಕಾಣುತ್ತದೆ.

ಹಂತ 1: ಕದ, ಚೌಕಟ್ಟು, ಗೋಡೆ

ಹೊಸ ಫ್ಲಶ್ ಡೋರ್ ಅಗ್ಗ. ಆದರೆ ಅಗ್ಗದವು ಹೆಚ್ಚಾಗಿ ಒಳಗೆ ಟೊಳ್ಳಾದ್ದರಿಂದ ಬಡಿದರೆ ಡಬ್ಬದ ಸದ್ದು. ಕೆಡವಿದ ಮನೆಯ ಸಾಮಾನು ಮಾರುವಲ್ಲಿ ಒಂಟಿ ಕದದ ಹಳೆಯ ಬಾಗಿಲು ಚೌಕಟ್ಟಿನ ಸಮೇತ ₹6,500ಕ್ಕೆ ಸಿಕ್ಕಿತು. ಎತ್ತರ 6 ಅಡಿ 3 ಇಂಚು, ಅಗಲ 3 ಅಡಿ, ಕದದ ದಪ್ಪ 35 ಮಿ.ಮೀ. ಒಳಮೈಯಲ್ಲಿ ಅಡ್ಡ ಚಿಲಕ ಮತ್ತು ಸರಪಳಿ ಎರಡೂ ಇದ್ದದ್ದು ಒಳ್ಳೆಯದಾಯಿತು. ಸರಪಳಿ ಅಲುಗಿದರೆ ಸಾಕು, ಬಡಿತದ ಜೋರು ನೋಡುವವರಿಗೆ ಗೊತ್ತಾಗುತ್ತದೆ.

ಗೋಡೆಗೆ 8×4 ಅಡಿಯ 6 ಮಿ.ಮೀ. ಪ್ಲೈವುಡ್ ಎರಡು ಹಾಳೆ, ಬಾಗಿಲ ಮೇಲಿನ ಜಾಗಕ್ಕೆ ಇನ್ನರ್ಧ. ಹಿಂದೆ 2×1 ಇಂಚಿನ ರೀಪರ್ (ಮರದ ಪಟ್ಟಿ) ಚೌಕ, ಪ್ರತಿ 2 ಅಡಿಗೆ ಒಂದು ಅಡ್ಡಪಟ್ಟಿ. ನೆಟ್ಟಗೆ ನಿಲ್ಲಲು ತ್ರಿಕೋನದ ನಾಲ್ಕು ಆಸರೆ, ಒಂದೊಂದರ ಕಾಲಿನ ಮೇಲೆ 20 ಕೆ.ಜಿ. ಮರಳು ಚೀಲ. ಹಾಳೆಗಳು ಸೇರುವ ಸಂದಿಗೆ ಕಾಟನ್ ಬಟ್ಟೆಯ ಪಟ್ಟಿಯನ್ನು ಬಿಳಿ ಅಂಟಿನಲ್ಲಿ ಅಂಟಿಸಿ ಮೇಲೆ ಪುಟ್ಟಿ. ಬರೀ ಪುಟ್ಟಿ ತುಂಬಿದರೆ ಗೋಡೆ ಒಮ್ಮೆ ಅಲುಗಿದಾಗಲೇ ಬಿರುಕು ಬಿಡುತ್ತದೆ. ಬಣ್ಣ ಆ ಕಾಲದ ಮನೆಗಳಂತೆ: ಕೆಳಗಿನ ಮೂರಡಿ ಹಸಿರು ಆಯಿಲ್ ಪೇಂಟ್, ಮೇಲೆ ಮಾಸಲು ಡಿಸ್ಟೆಂಪರ್. ಸ್ವಿಚ್ಚು ಕಪ್ಪು ಬೇಕಲೈಟಿನ ಗುಂಡನೆಯದು. ಈಗಿನ ಬಿಳಿ ಪ್ಲೇಟ್ ಸ್ವಿಚ್ ಒಂದು ಮೂಲೆಯಲ್ಲಿ ಕಂಡರೂ ದಶಕ ಕೆಟ್ಟಿತು.

ಇಲ್ಲಿ ಎಡವಟ್ಟಾದದ್ದು ಚೌಕಟ್ಟನ್ನು ಪ್ಲೈವುಡ್ ಗೋಡೆಗೇ ಸ್ಕ್ರೂ ಹಾಕಿ ಬಿಗಿದದ್ದು. ಕದ ಮುಚ್ಚಿದಾಗ ಇಡೀ ಗೋಡೆಯೇ ಕಂಪಿಸಿತು, ಕ್ಯಾಲೆಂಡರ್ ತೂಗಾಡಿತು. ಹೆದರಿಕೆಗೆ ಬದಲು ನಗು. ಪರಿಹಾರ: ಚೌಕಟ್ಟಿಗೆ ಬೇರೆಯೇ ಕಾಲು, ಬೇರೆಯೇ ಆಸರೆ. ಚೌಕಟ್ಟಿಗೂ ಪ್ಲೈವುಡ್ಡಿಗೂ ನಡುವೆ ಅರ್ಧ ಇಂಚು ಸಂದು. ಆ ಸಂದು ಮುಚ್ಚುವ ಮರದ ಪಟ್ಟಿಗೆ ಮೊಳೆ ಹೊಡೆಯುವುದು ಗೋಡೆಯ ಕಡೆಗೆ ಮಾತ್ರ, ಚೌಕಟ್ಟಿನ ಕಡೆಗಲ್ಲ. ಈಗ ಕದ ಅದುರಿದರೂ ಗೋಡೆ ನಿಶ್ಚಲ.

ಹಂತ 2: ಬಡಿತ

ಒಳಗಿನಿಂದ ತೆಗೆದ ಶಾಟಿಗೆ ಯಂತ್ರವೇ ಬೇಡ, ಆಚೆ ನಿಂತು ಯಾರಾದರೂ ಮುಷ್ಟಿಯಿಂದ ಬಡಿದರಾಯಿತು. ತೊಡಕಿರುವುದು ಹೊರಗಿನ ಶಾಟಿನಲ್ಲಿ. ಬಾಗಿಲ ಮುಂದೆ ಯಾರೂ ಇಲ್ಲ, ಆದರೂ ಕದ ಅದುರಬೇಕು.

ಮೊದಲು ಪ್ರಯತ್ನಿಸಿದ್ದು 12 ವೋಲ್ಟಿನ ಸಾಲೆನಾಯ್ಡ್ (ಕರೆಂಟ್ ಕೊಟ್ಟಾಗ ಕಬ್ಬಿಣದ ಸರಳನ್ನು ಎಳೆಯುವ ಸುರುಳಿ), ಆರ್ಡುಯಿನೋ ಉನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನ ಮೂಲಕ. ಎರಡು ಕಾರಣಕ್ಕೆ ಕೈಕೊಟ್ಟಿತು. ಒಂದು, ಸಾಲೆನಾಯ್ಡ್ ಎಳೆದಾಗಲೆಲ್ಲ ವಿದ್ಯುತ್ ಕುಸಿದು ಆರ್ಡುಯಿನೋ ಮೊದಲಿನಿಂದ ಶುರುವಾಗುತ್ತಿತ್ತು. ಒಂದೇ ಅಡಾಪ್ಟರಿನಿಂದ ಎರಡಕ್ಕೂ ಕೊಟ್ಟರೆ ಹೀಗೇ ಆಗುವುದು. ಬೇರೆ ಅಡಾಪ್ಟರ್ ಕೊಟ್ಟು, ನೆಗೆಟಿವ್ ಮಾತ್ರ ಸೇರಿಸಿ, ಸಾಲೆನಾಯ್ಡಿನ ಎರಡು ತುದಿಗೆ 1ಎನ್4007 ಡಯೋಡನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ತಿರುವಿ ಹಾಕಿದ ಮೇಲೆ ನಿಂತಿತು. ಎರಡನೆಯದಕ್ಕೆ ಮದ್ದಿಲ್ಲ: ಭಾರದ ಮರದ ಮುಂದೆ ಪುಟ್ಟ ಸಾಲೆನಾಯ್ಡ್ ಟಿಕ್ ಎನ್ನುತ್ತದೆ ಅಷ್ಟೆ, ಕದ ಕದಲುವುದಿಲ್ಲ.

ಇನ್ನೂ ಮೂಲದ ಸಂಗತಿ ಒಂದಿದೆ. ಒಳಗೆ ತೆರೆಯುವ ಕದವನ್ನು ಹೊರಗಿನಿಂದ ಬಡಿದರೆ ಅದು ಚಿಲಕದ ಸಡಿಲದಷ್ಟು ಒಳಕ್ಕೆ ಹೋಗಿ ವಾಪಸಾಗುತ್ತದೆ. ಒಳಗಿನಿಂದ ಬಡಿದರೆ ಚೌಕಟ್ಟಿನ ಅಂಚಿಗೆ ಒತ್ತಿಕೊಳ್ಳುತ್ತದೆ, ಅಲುಗುವುದೇ ಇಲ್ಲ. ಅಂದರೆ ಹೊರಗಿನ ಶಾಟಿಗೆ ಒಳಗಿನಿಂದ ಬಡಿಯಬಾರದು, ಎಳೆಯಬೇಕು. ಕೊನೆಗೆ ನಿಂತ ವ್ಯವಸ್ಥೆ ಇದು:

ಚಿಲಕ ಕೂರುವ ಕೊಂಡಿಯ ತೂತನ್ನು ಅರದಿಂದ ಉಜ್ಜಿ 4 ಮಿ.ಮೀ. ಸಡಿಲ ಮಾಡಿದ್ದು. ಕದದ ಒಳಮೈಗೆ, ಎದೆಯೆತ್ತರದಲ್ಲಿ, ಒಂದು ದೊಡ್ಡ ಹಿಡಿ. ಕದವನ್ನು ಹೊರಕ್ಕೆ ಎಳೆದು ಹಿಡಿಯಲು ಹಳೆಯ ಸೈಕಲ್ ಟ್ಯೂಬಿನ ಎರಡು ಪಟ್ಟಿ, ಮೇಲೊಂದು ಕೆಳಗೊಂದು, ಕದದ ಅಂಚಿನಿಂದ ಚೌಕಟ್ಟಿಗೆ ಬಿಗಿಯಾಗಿ. ಒಳಗಿದ್ದವರು ಹಿಡಿಯನ್ನು ಚುರುಕಾಗಿ ಜಗ್ಗಿ ಬಿಟ್ಟರೆ ಟ್ಯೂಬ್ ವಾಪಸು ಎಳೆಯುತ್ತದೆ. ಮೂರು ಬಡಿತ, ಒಂದು ವಿರಾಮ, ಎರಡು ಬಡಿತ. ನಟಿ ಉಸಿರು ಹಿಡಿದದ್ದನ್ನು ನೋಡಿಕೊಂಡು ವಿರಾಮವನ್ನು ಉದ್ದ ಮಾಡುವುದು ಕೈಗೆ ಸಾಧ್ಯ, ಆರ್ಡುಯಿನೋಗೆ ಅಲ್ಲ. ಸಾಲೆನಾಯ್ಡಿನ ದುಡ್ಡು ದಂಡ.

ಹಂತ 3: ಚಿಲಕ

ಕದದ ಆಚೆ ಕಡೆಯಿಂದ ನಿಯೋಡಿಮಿಯಂ ಅಯಸ್ಕಾಂತ ಹಿಡಿದು ಕಬ್ಬಿಣದ ಚಿಲಕವನ್ನು ಸರಿಸುವುದು ಕೇಳಲು ಚೆಂದ. 35 ಮಿ.ಮೀ. ಮರದ ಆಚೆಗೆ ಅದರ ಎಳೆತ ಹೆಚ್ಚುಕಡಿಮೆ ಸೊನ್ನೆ. ದೂರ ಹೆಚ್ಚಿದಂತೆ ಬಲ ಅಷ್ಟು ಬೇಗ ಬೀಳುತ್ತದೆ. ಹಿಂದಿನಿಂದ ಮರ ಕೆತ್ತಿ 5 ಮಿ.ಮೀ. ಉಳಿಸಿದರೆ ಆಗಬಹುದು, ಆದರೆ ಅಲ್ಲೇ ಅಕ್ಷರ ಬರೆಯಬೇಕಲ್ಲ.

ಆದ್ದರಿಂದ ದಾರ. ಮೀನು ಹಿಡಿಯುವ ನೈಲಾನ್ ದಾರ ಮೊದಲು ತಂದದ್ದು. ಎರಡು ದೋಷ: ಪಕ್ಕದ ಬೆಳಕಿಗೆ ಮಿನುಗುತ್ತದೆ, ಮತ್ತು ಹಿಗ್ಗುತ್ತದೆ. ಹಿಗ್ಗುವುದರಿಂದ ಚಿಲಕ ಮೊದಲು ಕದಲದೆ ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಹೆಣೆದ ಕಪ್ಪು ದಾರ ಹಿಗ್ಗುವುದಿಲ್ಲ, ಹೊಳೆಯುವುದೂ ಇಲ್ಲ. ಚಿಲಕದ ಹಿಡಿಯ ಬೆನ್ನಿಗೆ ಗಂಟು, ಅಲ್ಲಿಂದ ಚೌಕಟ್ಟಿನ 3 ಮಿ.ಮೀ. ತೂತಿನ ಮೂಲಕ ಗೋಡೆಯ ಹಿಂದಕ್ಕೆ. ಚಿಲಕಕ್ಕೆ ಎಣ್ಣೆ ಹಾಕಬಾರದು, ಹೊಳಪು ಬಂದು ಹಳೆಯ ಕಬ್ಬಿಣದ ಬಣ್ಣ ಕೆಡುತ್ತದೆ. ಪೆನ್ಸಿಲ್ ಸೀಸವನ್ನು ಅರೆದು ಸವರಿದರೆ ನಯವಾಗಿ ಸರಿಯುತ್ತದೆ. ಎಳೆತ ಎಷ್ಟು ನಿಧಾನವೋ ಅಷ್ಟು ಒಳ್ಳೆಯದು. 5 ಇಂಚಿನ ದಾರಿಗೆ 10 ಸೆಕೆಂಡ್ ತೆಗೆದುಕೊಂಡರೂ ಹೆಚ್ಚಲ್ಲ.

ಹಂತ 4: ಅಕ್ಷರ

ಇಡೀ ಕೆಲಸದ ತಿರುಳು ಇದು. ಹೆಚ್ಚು ಸಾಮಾನು ಹಾಳಾದದ್ದೂ ಇಲ್ಲಿಯೇ.

ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣದ ಬರಹಕ್ಕೆ ನೀರು ಬಿದ್ದರೆ ಅದು ಕಾಣಿಸುವುದಿಲ್ಲ, ಒಣಗಿದರೆ ಮತ್ತೆ ಬೆಳ್ಳಗೆ ಮೂಡುತ್ತದೆ. ಪುಡಿಯ ನಡುವೆ ಗಾಳಿ ಇದ್ದ ಜಾಗಕ್ಕೆ ನೀರು ಸೇರಿದಾಗ ಬೆಳಕು ಚದುರುವುದು ಕಡಿಮೆಯಾಗುತ್ತದೆ, ಅಷ್ಟೆ. ಮಳೆಯಲ್ಲಿ ಬರಹ ಅಳಿಯುವ ಬದಲು ಕಾಣದಾಗಿ, ಬೆಳಗ್ಗೆ ಒಣಗಿದ ಬಾಗಿಲ ಮೇಲೆ ಮತ್ತೆ ಮೂಡುವಂತೆ ಕಥೆಯನ್ನೇ ತಿದ್ದಿದ್ದು ಇದು ತಿಳಿದ ಮೇಲೆ.

ಮೈ ಸಿದ್ಧಮಾಡುವುದು ಮೊದಲು. ಹೊರಮೈಯ ಹಳೆಯ ಪಾಲಿಶ್ ಮೇಲೆ ಸೀಮೆಸುಣ್ಣ ಕಚ್ಚುವುದಿಲ್ಲ, ಜಾರುತ್ತದೆ. 120 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ ಬರೆದು ನೋಡಿದ್ದಾಯಿತು. ಆದರೆ ಬರಿಯ ಮರ ನೀರು ಕುಡಿದು ತೇಪೆ ತೇಪೆಯಾಗಿ ಕಪ್ಪಾಗುತ್ತದೆ, ಒಣಗಲು ಗಂಟೆಗಟ್ಟಲೆ ಬೇಕು. ಕೊನೆಗೆ ಸ್ಪಿರಿಟ್ ಪಾಲಿಶನ್ನು ಪೂರ್ತಿ ಕಿತ್ತು, ಶಾಲೆಯ ಕರಿಹಲಗೆಗೆ ಹಚ್ಚುವ ಬಣ್ಣಕ್ಕೆ ಸ್ವಲ್ಪ ಕಂದು ಬೆರೆಸಿ ತೆಳುವಾಗಿ ಎರಡು ಕೋಟು. ಮರದ ಎಳೆ ಅಲ್ಲಲ್ಲಿ ಕಾಣುವಷ್ಟು ತೆಳುವಾಗಿದ್ದರೆ ಸಾಕು.

ಪಾಲಿಶ್ ಪೂರ್ತಿ ಕೀಳಬೇಕು ಎಂದದ್ದಕ್ಕೆ ಕಾರಣ ಇದೆ. ಬೆಳಗಿನ ಶಾಟಿಗೆ ನೀರಿನ ಬದಲು ಬೇಗ ಆರುವ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, ನೀರು ಒಣಗುವವರೆಗೆ ಕಾಯಲಾಗದು. ಹಳೆಯ ಬಾಗಿಲುಗಳ ಸ್ಪಿರಿಟ್ ಪಾಲಿಶ್ ಎಂದರೆ ಅರಗು, ಅದು ಆಲ್ಕೊಹಾಲಿನಲ್ಲಿ ಕರಗುತ್ತದೆ. ಮೂಲೆಯಲ್ಲಿ ಉಳಿದಿದ್ದ ಪಾಲಿಶ್ ಕರಗಿ ಅಕ್ಷರದ ಮೇಲೆ ಕಂದು ನೀರಾಗಿ ಇಳಿಯಿತು. ಒಣಗಿದ ಮೇಲೆ ‘ಬಾ’ ಇದ್ದ ಕಡೆ ಅಂಟು ಕಲೆ.

ಬರಹ. ಬಿಳಿ ಪೇಂಟ್, ಬಿಳಿ ಪೋಸ್ಟರ್ ಕಲರ್ ಎರಡೂ ನಿಷ್ಪ್ರಯೋಜಕ, ನೆನೆದರೂ ಬೆಳ್ಳಗೇ ಇರುತ್ತವೆ. ಮಾಮೂಲಿ ಸೀಮೆಸುಣ್ಣವೇ ಬೇಕು. ಒಣ ಸೀಮೆಸುಣ್ಣದಲ್ಲಿ ಬರೆದರೆ ಪುಡಿ ನೀರಿನೊಂದಿಗೆ ಇಳಿದುಹೋಗುತ್ತದೆ, ಬೆಳಗ್ಗೆ ಮೂಡಲು ಏನೂ ಉಳಿಯುವುದಿಲ್ಲ. ಕಡ್ಡಿಯನ್ನು ಐದು ನಿಮಿಷ ನೀರಿನಲ್ಲಿ ನೆನೆಸಿ ಬರೆದರೆ ಬರಹ ಒಣಗಿದ ಮೇಲೆ ಗಟ್ಟಿಯಾಗಿ ಹಿಡಿದಿರುತ್ತದೆ. ಗೆರೆ ಒಂದೇ ಸಲ ಎಳೆದದ್ದಾಗಿರಲಿ. ಮೇಲೆ ಮೇಲೆ ತೀಡಿದ ದಪ್ಪ ಗೆರೆ ನೆನೆದಾಗಲೂ ಬೂದಿ ಬಣ್ಣದಲ್ಲಿ ಕಾಣುತ್ತದೆ. ಅಕ್ಷರದ ಎತ್ತರ 10 ಸೆಂ.ಮೀ., ನೆಲದಿಂದ ನಾಲ್ಕೂವರೆ ಅಡಿ ಮೇಲೆ. ಬರೆಯಲು ಕೈ ಬರಹ ಚೆನ್ನಾಗಿರುವವರನ್ನು ಕರೆಯಬೇಡಿ. ಹೆದರಿದವರು ಅವಸರದಲ್ಲಿ ಬರೆದದ್ದು ಬೋರ್ಡ್ ಬರೆದಂತಿರಬಾರದು, ಸಾಲು ಬಲಕ್ಕೆ ಇಳಿಯಲಿ. ಮೊದಲ ಬರಹದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ನಕಲು ಮಾಡಿಟ್ಟುಕೊಳ್ಳಿ. ಪ್ರತಿ ಟೇಕಿಗೂ ಅಳಿಸಿ ಮತ್ತೆ ಬರೆಯುವಾಗ ಅದಿಲ್ಲದಿದ್ದರೆ ಒಂದು ಶಾಟಿಗೂ ಇನ್ನೊಂದಕ್ಕೂ ‘ಳೆ’ ಹೊಂದುವುದಿಲ್ಲ.

ಮಾಯವಾಗುವ ಶಾಟ್: ಸ್ಪ್ರೇ ಬಾಟಲಿಯಲ್ಲಿ ಹೊಡೆದರೆ ಚುಕ್ಕೆ ಚುಕ್ಕೆಯಾಗಿ ಅಳಿದು ಸ್ಪ್ರೇ ಎಂಬುದು ಬಯಲಾಗುತ್ತದೆ. ಅರ್ಧ ಇಂಚಿನ ಪಿವಿಸಿ ಪೈಪಿಗೆ 2 ಸೆಂ.ಮೀ.ಗೊಂದರಂತೆ 1 ಮಿ.ಮೀ. ತೂತು ಕೊರೆದು ಚೌಕಟ್ಟಿನ ತಲೆಯ ಮೇಲೆ, ತೂತು ಕದದ ಕಡೆಗೆ ಬರುವಂತೆ ಕಟ್ಟಿದರೆ ನೀರು ತೆಳುವಾದ ಪದರವಾಗಿ ಇಳಿಯುತ್ತದೆ. ಅಕ್ಷರ ಮೇಲಿನಿಂದ ಕೆಳಗೆ ಕರಗಿದಂತೆ ಕಾಣುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಬಾರದು. ಹರಿವು ಜೋರಾದರೆ ನೆನೆಸಿ ಬರೆದದ್ದೂ ಕೊಚ್ಚಿಹೋಗುತ್ತದೆ. ಕೆಳಗೆ ತಗಡಿನ ತಟ್ಟೆ, ಅದರಿಂದ ಬಕೆಟ್ಟಿಗೆ ಪೈಪು.

ಮತ್ತೆ ಮೂಡುವ ಶಾಟ್: ಕದ ಪೂರ್ತಿ ಒಣಗಿ ಅಕ್ಷರ ಸ್ಪಷ್ಟವಾದ ಮೇಲೆ, 30 ಸೆಂ.ಮೀ. ದೂರದಿಂದ ಆಲ್ಕೊಹಾಲನ್ನು ಮಂಜಿನಂತೆ ನಾಲ್ಕೈದು ಸುತ್ತು ಹೊಡೆಯುವುದು. ಇಡೀ ಹಲಗೆಗೆ ಹೊಡೆಯಬೇಕು, ಅಕ್ಷರಕ್ಕಷ್ಟೇ ಹೊಡೆದರೆ ಒದ್ದೆ ಮೈಯ ಗಡಿ ಕಾಣುತ್ತದೆ. ಒಣಗಲು ಎರಡು ಮೂರು ನಿಮಿಷ. 2 ನಿಮಿಷ 40 ಸೆಕೆಂಡಿನ ಶಾಟನ್ನು 20 ಪಟ್ಟು ವೇಗಕ್ಕಿಟ್ಟರೆ ತೆರೆಯ ಮೇಲೆ 8 ಸೆಕೆಂಡ್. ಕ್ಯಾಮೆರಾ ಟ್ರೈಪಾಡಿಗೆ ಬಿಗಿ; ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನುಯಲ್. ನಿಜವಾದ ಹಗಲು ಬೆಳಕು ಬೇಡ, ಮೋಡ ಸರಿದಾಗಲೆಲ್ಲ ಶಾಟ್ ಮಿಣುಕುತ್ತದೆ. ಒದ್ದೆ ಹಲಗೆಯಲ್ಲಿ ದೀಪದ ಹೊಳಪು ಕಂಡರೆ ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಬೇಕು.

ಆಲ್ಕೊಹಾಲ್ ಹೊಡೆಯುವಾಗ ಆ ಕೋಣೆಯಲ್ಲಿ ಬೆಂಕಿಯ ಹೆಸರೇ ಇರಕೂಡದು: ಲಾಟೀನು, ಊದುಬತ್ತಿ, ಸಿಗರೇಟು, ಯಾವುದೂ. ಅದರ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕಿಡಿ ತಾಕಿದರೆ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಕಿಟಕಿ ತೆರೆದಿರಲಿ.

ಹಂತ 5: ಲಾಟೀನು ಮತ್ತು ಬೀದಿ ದೀಪ

ಮೇಲಿನ ಕಾರಣಕ್ಕೇ ಲಾಟೀನಿನೊಳಗೆ ನಿಜವಾದ ಬತ್ತಿ ಇಲ್ಲ, 12 ವೋಲ್ಟಿನ ವಾರ್ಮ್ ಎಲ್‌ಇಡಿ ಪಟ್ಟಿಯ ತುಂಡು. ಗಾಜಿನ ಒಳಮೈಗೆ ಬಟರ್ ಪೇಪರ್ ಸುತ್ತಿದರೆ ಎಲ್‌ಇಡಿಯ ಚುಕ್ಕೆ ಕಾಣುವುದಿಲ್ಲ. ಮಿಣುಕಿಸಲು ಆರ್ಡುಯಿನೋ, ನಡುವೆ ಐಆರ್‌ಎಲ್‌ಜೆಡ್44ಎನ್ ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಬಿಡಿಭಾಗ). ಹೆಸರಿನ ನಡುವಿನ ‘ಎಲ್’ ಮುಖ್ಯ. ಐಆರ್‌ಎಫ್540ಎನ್ ತಂದರೆ ಅದು 5 ವೋಲ್ಟಿಗೆ ಪೂರ್ತಿ ತೆರೆಯುವುದಿಲ್ಲ, ಬಿಸಿಯಾಗುತ್ತದೆ. ಗೇಟಿಗೆ (ಆರ್ಡುಯಿನೋದ ಸಂಕೇತ ಬರುವ ಕಾಲು) 220 ಓಮ್ ರೆಸಿಸ್ಟರ್, ಗೇಟಿನಿಂದ ನೆಗೆಟಿವ್‌ಗೆ 10 ಕಿಲೋ ಓಮ್.

ಕಣ್ಣಿಗೆ ಸರಿ ಕಂಡದ್ದು ಕ್ಯಾಮೆರಾದಲ್ಲಿ ಅಡ್ಡ ಪಟ್ಟೆ ಪಟ್ಟೆ. ಆರ್ಡುಯಿನೋದ 9ನೇ ಪಿನ್ ಸೆಕೆಂಡಿಗೆ ಸುಮಾರು 490 ಸಲ ದೀಪವನ್ನು ಆರಿಸಿ ಹೊತ್ತಿಸುತ್ತದೆ. ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ ಅದು ಪಟ್ಟೆಯಾಗಿ ಸಿಕ್ಕಿಬೀಳುತ್ತದೆ. ಆರ್ಡುಯಿನೋದ ಟೈಮರ್-1ರ ಪ್ರೀಸ್ಕೇಲರನ್ನು (ಗಡಿಯಾರದ ವೇಗವನ್ನು ಭಾಗಿಸುವ ಸಂಖ್ಯೆ) 64ರಿಂದ 1ಕ್ಕೆ ಇಳಿಸಿದರೆ ಆ ಸಂಖ್ಯೆ 31,000 ದಾಟುತ್ತದೆ, ಪಟ್ಟೆ ಮಾಯ. ಮಿಣುಕಿನ ಕ್ರಮವೂ ಪೂರಾ ಅಡ್ಡಾದಿಡ್ಡಿ ಆಗಬಾರದು. ಹಿಂದಿನ ಬೆಳಕಿಗಿಂತ ಸ್ವಲ್ಪವೇ ಹೆಚ್ಚು ಕಡಿಮೆ ಆಗುತ್ತ ಹೋಗಬೇಕು, ಇಲ್ಲದಿದ್ದರೆ ಕೆಟ್ಟ ಟ್ಯೂಬ್‌ಲೈಟ್ ಆಗುತ್ತದೆ.

ಹೊರಗಿನ ಬೀದಿ ದೀಪ ಆಗಿನ ಸೋಡಿಯಂ ದೀಪದ ಬಣ್ಣದ್ದು: 3,200 ಕೆಲ್ವಿನ್ ಎಲ್‌ಇಡಿ ಪ್ಯಾನೆಲ್ಲಿಗೆ ಫುಲ್ ಸಿಟಿಒ ಜೆಲ್ (ಬೆಳಕನ್ನು ಕಿತ್ತಳೆ ಮಾಡುವ ಹಾಳೆ), ಸುಮಾರು 2,100 ಕೆಲ್ವಿನ್ನಿಗೆ ಇಳಿಯುತ್ತದೆ. ಇಲ್ಲಿನ ಕರೆಂಟ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. 24 ಫ್ರೇಮ್ ಬೇಕೇ ಬೇಕೆಂದರೂ ಶಟರ್ 1/50 ಇರಲಿ, ಅಂದರೆ ಶಟರ್ ಕೋನ 172.8 ಡಿಗ್ರಿ. ಹೊಗೆ ಯಂತ್ರ ತರಲಿಲ್ಲ, ಬೇಕಾಗಲೂ ಇಲ್ಲ. ಮನೆ ಬಾಗಿಲಲ್ಲಿ ಹೊಗೆ ಎದ್ದರೆ ಅದು ನಾಟಕ ಕಂಪನಿಯ ದೆವ್ವ.

ಹಂತ 6: ಹೊಸ್ತಿಲ ಮೇಲಿನ ಹೆಜ್ಜೆ

ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಆರತಿಯ ಓಕುಳಿ ಕಲಸಿದ ಯಾರಿಗೂ ಹೇಳಿಕೊಡಬೇಕಿಲ್ಲ. ಕಷ್ಟ ಇರುವುದು ಆ ಕೆಂಪನ್ನು ಬೇಕಾದ ಕ್ಷಣದವರೆಗೆ ತಡೆದಿಡುವುದರಲ್ಲಿ.

ಸುಣ್ಣದ ತಿಳಿಯಲ್ಲಿ ಹೆಜ್ಜೆ ಬರೆದು ಒಣಗಿಸಿ, ಮೇಲೆ ಅರಿಶಿನ ಸವರಿ ಕಾದರೆ ಮರುದಿನಕ್ಕೆ ಕೆಂಪೇ ಬರುವುದಿಲ್ಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕ್ಷಾರ ಕಳೆದುಕೊಳ್ಳುತ್ತದೆ. ಅಡುಗೆ ಸೋಡಾದ ಕ್ಷಾರ ಸಾಲದು, ಮಂಕು ಕಿತ್ತಳೆ ಬರುತ್ತದೆ. ವಾಷಿಂಗ್ ಸೋಡಾ ಸರಿಯಾದದ್ದು, ಆದರೆ ಹರಳಿನ ರೂಪದ್ದನ್ನು ಪುಡಿಮಾಡಿ ಅರಿಶಿನದೊಂದಿಗೆ ಬೆರೆಸಿದರೆ ಬಟ್ಟಲಿನಲ್ಲೇ ಕೆಂಪಾಗುತ್ತದೆ, ಹರಳಿನೊಳಗೇ ನೀರಿದೆ. ಹಳೆಯ ಕಾವಲಿಯ ಮೇಲೆ ಹುರಿದರೆ ಮೊದಲು ಕರಗಿ, ಆಮೇಲೆ ನೀರು ಬಿಟ್ಟು ಬಿಳಿ ಪುಡಿಯಾಗುತ್ತದೆ. ಆ ಕಾವಲಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಪುಡಿ ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ.

ಕ್ರಮ: ಹೊಸ್ತಿಲಿನ ಅಳತೆಗೆ 6 ಮಿ.ಮೀ. ಪ್ಲೈವುಡ್ ಪಟ್ಟಿ, ಹಾಗೆಯೇ ಐದಾರು. ಅರಿಶಿನದ ಕಲೆ ಹೋಗದಾದ್ದರಿಂದ ಪ್ರತಿ ಟೇಕಿಗೆ ಹೊಸ ಪಟ್ಟಿ ಬೇಕು. ಪಟ್ಟಿಗೆ ನೀರಲ್ಲಿ ಕಲಸಿದ ಅರಿಶಿನ ಬಳಿದು ಪೂರ್ತಿ ಒಣಗಿಸುವುದು. ಶಾಟಿಗೆ ಐದು ನಿಮಿಷ ಮೊದಲು ನಾಲ್ಕು ಚಮಚ ಅರಿಶಿನ ಪುಡಿಗೆ ಒಂದು ಚಮಚ ಹುರಿದ ಸೋಡಾ ಬೆರೆಸಿ, ರಟ್ಟಿನಲ್ಲಿ ಕತ್ತರಿಸಿದ ಪಾದದ ಅಚ್ಚಿನ ಮೂಲಕ ಜರಡಿ ಹಿಡಿಯುವುದು. ಹೊಸ್ತಿಲು ಅಗಲ ಕಡಿಮೆ ಇರುವುದರಿಂದ ಬೆರಳು ಮತ್ತು ಮುಂಗಾಲು ಮಾತ್ರ ಹಿಡಿಸುತ್ತದೆ, ಅದೇ ಸಾಕು. ಅಚ್ಚು ತೆಗೆದ ಮೇಲೆ ಸುತ್ತಲಿನ ಜಾಗಕ್ಕೆ ಬರೀ ಅರಿಶಿನ ಪುಡಿ ಉದುರಿಸಿದರೆ ಎರಡರ ವ್ಯತ್ಯಾಸ ಕಾಣುವುದಿಲ್ಲ. ನಂತರ 40 ಸೆಂ.ಮೀ. ಮೇಲಿನಿಂದ ನೀರಿನ ಮಂಜು, ಎರಡೇ ಒತ್ತು. ಹಳದಿಯ ನಡುವಿನಿಂದ ಹೆಜ್ಜೆ ಕೆಂಪಗೆ ಏಳುತ್ತದೆ. ಕಥೆಯಲ್ಲಿ ಎರಚಲು ಮಳೆ ಇರುವುದರಿಂದ ಹನಿ ಬೀಳುವುದಕ್ಕೆ ಸಬೂಬೂ ಇದೆ. ಮೂರನೇ ಒತ್ತಿಗೆ ಅಂಚು ಹರಡಿ ಬೆರಳುಗಳು ಕೂಡಿಕೊಳ್ಳುತ್ತವೆ. ಮಳೆಗಾಲದ ತೇವದಲ್ಲಿ ಮಿಶ್ರಣವನ್ನು ಹೆಚ್ಚು ಹೊತ್ತು ಬಿಟ್ಟರೆ ತಾನೇ ಕಿತ್ತಳೆಗೆ ತಿರುಗುತ್ತದೆ, ಹಾಗಾಗಿ ಮೊದಲೇ ಬೆರೆಸಿಡುವ ಹಾಗಿಲ್ಲ. ಪುಡಿ ಕಣ್ಣಿಗೆ ಹೋಗದಂತೆ ಕನ್ನಡಕ, ಕೈಗೆ ಗ್ಲೌಸ್.

ಮೊದಲ ಟೇಕ್ ವ್ಯರ್ಥವಾದದ್ದು ರಸಾಯನದಿಂದಲ್ಲ, ಬೆಳಕಿನಿಂದ. ಬೀದಿ ದೀಪದ ಕಿತ್ತಳೆ ಬೆಳಕಿನಲ್ಲಿ ಅರಿಶಿನವೂ ಕೆಂಪೂ ತಮ್ಮ ಬಣ್ಣ ಕಳೆದುಕೊಂಡವು. ಹೊಸ್ತಿಲ ಮೇಲೆ ಕೆಸರು ಮೆತ್ತಿದಂತೆ. ಈ ಶಾಟಿಗೆ ಮಾತ್ರ ಕಿತ್ತಳೆ ದೀಪ ಆರಿಸಿ, ನಟಿಯ ಕೈಯ ಟಾರ್ಚಿನ ಬೆಳಕು ಎಂಬ ನೆಪದಲ್ಲಿ ಬಿಳಿ ಬೆಳಕು ಕೊಟ್ಟ ಮೇಲೆ ಬಣ್ಣ ಬಣ್ಣವಾಗಿ ಕಂಡಿತು. ಹಿಂದಿನಿಂದ ಬೆಳಕು ಬಿದ್ದರೆ ಮಂಜು ಹೊಳೆದು ಗುಟ್ಟು ರಟ್ಟಾಗುತ್ತದೆ, ಮುಂದಿನಿಂದಲೇ ಇರಲಿ.

ಹಂತ 7: ದನಿ

ತಾಯಿಯ ಪಾತ್ರಧಾರಿ “ಬಾಗ್ಲು ತೆಗಿಯೇ, ನಾನು ಅಮ್ಮ” ಎನ್ನುವುದನ್ನು ಮುಚ್ಚಿದ ಕದದ ಆಚೆಯಿಂದಲೇ ರೆಕಾರ್ಡ್ ಮಾಡಿದ್ದು, ಮೈಕ್ ಒಳಗೆ. ದಪ್ಪ ಮರ ತೀಕ್ಷ್ಣ ಸದ್ದನ್ನು ತಡೆದು ಮಂದ್ರವನ್ನು ಬಿಡುತ್ತದೆ, ಕೆಳಗಿನ ಸಂದಿನಿಂದ ಉಸಿರಿನ ಸದ್ದು ಸ್ವಲ್ಪ ನುಸುಳುತ್ತದೆ. ಫಿಲ್ಟರ್ ಹಾಕಿ ಇದನ್ನು ಹುಟ್ಟಿಸುವುದು ದಂಡ. 48 ಕಿಲೋಹರ್ಟ್ಸ್, 24 ಬಿಟ್, ಶಿಖರ ಮೈನಸ್ 12 ಡೆಸಿಬಲ್ ದಾಟದಂತೆ. ಪ್ರತಿಧ್ವನಿ ಸೇರಿಸಿದ ಪ್ರತಿಯೊಂದು ಆವೃತ್ತಿಯೂ ಕೆಟ್ಟಿತು. ಈ ದೆವ್ವದ ಭಯ ಇರುವುದೇ ಅದು ಅಮ್ಮನಂತೆ ಸರಿಯಾಗಿ ಮಾತಾಡುವುದರಲ್ಲಿ.

ಉಳಿದ ಉಪಾಯ ಒಂದೇ: ಮೂರು ಸಲ ಕರೆಯುವಲ್ಲಿ ಒಂದೇ ರೆಕಾರ್ಡಿಂಗಿನ ಮೂರು ನಕಲು, ಉಸಿರು ಸಮೇತ. ಮನುಷ್ಯರು ಒಂದೇ ವಾಕ್ಯವನ್ನು ಎರಡು ಸಲ ಒಂದೇ ರೀತಿ ಹೇಳುವುದಿಲ್ಲ. ಮೂರನೇ ಸಲ ಕೇಳುಗರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನು ಎಂದು ಹೊಳೆಯುವುದಿಲ್ಲ. ನಡುವಿನ ಮೌನಗಳ ಉದ್ದ ಮಾತ್ರ ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಎಡಿಟಿಂಗ್ ತಪ್ಪು ಎಂದುಕೊಳ್ಳುತ್ತಾರೆ.

ಖರ್ಚು

ಬಾಗಿಲು ₹6,500. ಪ್ಲೈವುಡ್, ರೀಪರ್, ಸ್ಕ್ರೂ, ಬಣ್ಣ ₹6,200. ಆರ್ಡುಯಿನೋ, ಮಾಸ್ಫೆಟ್, ಎಲ್‌ಇಡಿ, ಎರಡು ಅಡಾಪ್ಟರ್ ₹1,500. ದಂಡವಾದ ಸಾಲೆನಾಯ್ಡ್ ಮತ್ತು ಅಯಸ್ಕಾಂತ ₹900. ಆಲ್ಕೊಹಾಲ್, ಸೋಡಾ, ಅರಿಶಿನ, ಸೀಮೆಸುಣ್ಣ, ಪೈಪು, ದಾರ ಎಲ್ಲ ಸೇರಿ ₹1,400. ಒಟ್ಟು ₹16,500. ದೀಪ, ಜೆಲ್, ಕ್ಯಾಮೆರಾ ಬಾಡಿಗೆ ಇದರಲ್ಲಿಲ್ಲ.

ಬಾಕಿ ಉಳಿದಿರುವುದು

ಮಳೆ ಪೈಪಿನ ನೀರು ಕದದ ತಳದ ಅಂಚಿಗೆ ಇಳಿದು ಮರ ಊದಿದೆ, ಕದ ಹೊಸ್ತಿಲಿಗೆ ಉಜ್ಜುತ್ತಿದೆ. ತಳವನ್ನು 2 ಮಿ.ಮೀ. ಹತ್ತರಿ ಹೊಡೆದು, ಕಡಿದ ಅಂಚಿಗೆ ವಾರ್ನಿಶ್ ಕುಡಿಸಬೇಕು. ಇದನ್ನು ಮೊದಲ ಮಳೆ ಶಾಟಿಗೆ ಮುಂಚೆಯೇ ಮಾಡಬೇಕಿತ್ತು. ಅದು ಮುಗಿಯುವವರೆಗೆ ಕದ ಪೂರ್ತಿ ತೆರೆಯುವ ಶಾಟ್ ತೆಗೆಯುವಂತಿಲ್ಲ.